ಗುಂಡಿನ ಸದ್ದು, ಗಂಟಿನ ಸುದ್ದಿ

ಕೊಡಗಿನ ಊರು ಬಯಲುಸೀಮೆಯ ಊರಿನಂತೆ ಇರುವುದಿಲ್ಲ. ಬಯಲುಸೀಮೆಯಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ಸಾಲಾಗಿ ನಿಂತಿರುತ್ತವೆ. ಒಂದು ಮನೆಯಲ್ಲಿ ಒಗ್ಗರಣೆ ಸಿಡಿದರೆ ನೆರೆಮನೆಯವರು ಸೀನುತ್ತಾರೆ. ಕೊಡಗಿನಲ್ಲಾದರೋ ಒಂದೊಂದು ಐನ್‌ಮನೆಯೂ ತನ್ನ ಗದ್ದೆಯ ಅಂಚಿನಲ್ಲಿ, ತನ್ನ ತೋಟದ ನೆರಳಿನಲ್ಲಿ, ಒಂಟಿಯಾಗಿ ಕುಳಿತಿರುತ್ತದೆ. ನಡುವೆ ಗುಡ್ಡ, ಕಾಡು, ತೊರೆ. ಜಡಿಮಳೆ ಹಿಡಿಯಿತೆಂದರೆ ಅರ್ಧ ಮೈಲಿಯ ಹಾದಿಯೂ ಅರ್ಧ ದಿನದ ಪಯಣವಾಗುತ್ತಿದ್ದ ಕಾಲವೊಂದಿತ್ತು. ಇಂಥ ನಾಡಿನಲ್ಲಿ ಒಂದು ಮನೆಯ ಸುಖದುಃಖ ಊರಿಗೆಲ್ಲ ಒಡನೆ ತಿಳಿಯಬೇಕಾದರೆ ಏನು ಮಾಡಬೇಕು?

ಕೊಡವರು ಇದಕ್ಕೆ ಕೋವಿಯನ್ನು ನೆಚ್ಚಿಕೊಂಡರು. ಮನೆಯಲ್ಲಿ ಗಂಡುಮಗು ಹುಟ್ಟಿತೆಂದರೆ ಒಂದು ಗುಂಡು. ಸಾವು ಸಂಭವಿಸಿತೆಂದರೆ ಬೆನ್ನುಬೆನ್ನಿಗೆ ಎರಡು ಗುಂಡು. ಪುತ್ತರಿಯ ರಾತ್ರಿ ಗದ್ದೆಗಿಳಿದು ಹೊಸ ಕದಿರು ಕೊಯ್ಯುವಾಗಲೂ ಗುಂಡು ಹಾರಲೇಬೇಕು. ಕೈಲ್‌ಪೊಳ್ದಿನಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಜನಕ್ಕೆ ಅದು ಬೇಟೆಯ ಉಪಕರಣವಾಗಿದ್ದಂತೆಯೇ ಮನೆಯ ಬಾಯಿಯೂ ಆಗಿತ್ತು. ಬ್ರಿಟಿಷರ ಕಾಲದಿಂದಲೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯ ವಿಷಯದಲ್ಲಿ ವಿನಾಯಿತಿ ದೊರೆತಿರುವುದು ಸರ್ವವಿದಿತ. ೨೦೧೯ರಲ್ಲಿ ಕೇಂದ್ರ ಸರ್ಕಾರವು ಅದನ್ನು ೨೦೨೯ರ ವರೆಗೆ ವಿಸ್ತರಿಸಿತು.

ಎರಡು ಗುಂಡಿನ ಸದ್ದು ಕಣಿವೆಯಲ್ಲಿ ಮೊಳಗಿದೊಡನೆ ಏನಾಗುತ್ತದೆಂಬುದನ್ನು ವಾಚಕರು ಸ್ವಲ್ಪ ಊಹಿಸಿಕೊಳ್ಳಬೇಕು. ಉಳುತ್ತಿದ್ದವನು ನೇಗಿಲನ್ನು ಬಿಡುತ್ತಾನೆ. ಕಾಫಿ ಹಣ್ಣು ಬಿಡಿಸುತ್ತಿದ್ದವಳು ಕುಕ್ಕೆಯನ್ನು ಕೆಳಗಿಡುತ್ತಾಳೆ. ಸಾವಿನ ಮನೆಗೆ ಹೋಗಬೇಕು, ಕೈಜೋಡಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ತೊಡಕು ಉಳಿಯಿತು. ಆ ಸದ್ದು ಸಾವಾಯಿತೆಂದು ಸಾರಿತೇ ಹೊರತು, ಯಾವ ಮನೆಯಲ್ಲಿ, ಯಾರಿಗೆ, ಹೇಗೆ ಎಂಬುದನ್ನು ಸಾರಲಿಲ್ಲ. ಕೇಳಿದವನು ಸದ್ದು ಬಂದ ದಿಕ್ಕನ್ನು ಗಮನಿಸಬೇಕು. ಆ ದಿಕ್ಕಿನಲ್ಲಿ ಹಾಸಿಗೆ ಹಿಡಿದಿದ್ದವರು ಯಾರೆಂದು ನೆನೆಯಬೇಕು. ಇಲ್ಲವೆ ಸುದ್ದಿ ಹೊತ್ತು ಬರುವ ಆಳಿಗಾಗಿ ಕಾಯಬೇಕು. ಸದ್ದು ಕ್ಷಣದಲ್ಲಿ ಬರುತ್ತದೆ. ಸುದ್ದಿ ಕಾಲ್ನಡಿಗೆಯಲ್ಲಿ ಬರುತ್ತದೆ.

ಈ ಸಂಗತಿಯನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಇಂದು ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಮಗನೋ ಮಗಳೋ ಸೊಸೆಯೋ ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವ ಕೆಲಸದಲ್ಲಿರುವುದು ಸಾಮಾನ್ಯ. ‘ನೀನು ಮಾಡುವ ಕೆಲಸವೇನಪ್ಪಾ?’ ಎಂದು ತಂದೆತಾಯಿ ಕೇಳಿದರೆ, ‘ನಿಮಗೆ ಅರ್ಥವಾಗುವುದಿಲ್ಲ’ ಎಂಬ ಉತ್ತರ ಬರುವುದೂ ಅಷ್ಟೇ ಸಾಮಾನ್ಯ. ಹಾಗೇನೂ ಇಲ್ಲ. ಅವರು ದಿನನಿತ್ಯ ಬಿಡಿಸುತ್ತಿರುವ ಒಗಟುಗಳಲ್ಲಿ ಒಂದು, ಈ ಗುಂಡಿನ ಸದ್ದಿಗೂ ಅದರ ಹಿಂದೆ ನಡೆದು ಬರುವ ಸುದ್ದಿಗೂ ಇರುವ ಅಂತರವೇ.

ಕಾದು ಕೂರುವುದು, ಹೇಳಿಟ್ಟು ಹೋಗುವುದು

ಕೆಲಸ ಮಾಡಿಸಿಕೊಳ್ಳುವುದಕ್ಕೆ ಲೋಕದಲ್ಲಿ ಎರಡು ಬಗೆಗಳಿವೆ. ಹಿಟ್ಟಿನ ಗಿರಣಿಗೆ ಹೋಗಿ, ರಾಗಿ ಹಾಕಿಸಿ, ಹಿಟ್ಟು ಬೀಳುವ ತನಕ ಅಲ್ಲಿಯೇ ನಿಂತು, ಡಬ್ಬಿ ಹೊತ್ತುಕೊಂಡು ಬರುವುದು ಒಂದು ಬಗೆ. ದರ್ಜಿಯ ಅಂಗಡಿಯಲ್ಲಿ ಬಟ್ಟೆ ಕೊಟ್ಟು, ‘ಆದಾಗ ಹೇಳಿ ಕಳುಹಿಸು’ ಎಂದು ಬೇರೆ ಕೆಲಸಕ್ಕೆ ಹೊರಟುಹೋಗುವುದು ಇನ್ನೊಂದು. ಎರಡನೆಯದನ್ನು ಕಂಪ್ಯೂಟರ್ ಶಾಸ್ತ್ರದಲ್ಲಿ ಅಸಮಕಾಲಿಕ ವಿಧಾನ ಎನ್ನುತ್ತಾರೆ. ಕೆಲಸ ಕೊಟ್ಟ ಕಾಲ ಬೇರೆ, ಫಲ ಬರುವ ಕಾಲ ಬೇರೆ. ನಡುವಣ ಹೊತ್ತಿನಲ್ಲಿ ಕೊಟ್ಟವನು ಸುಮ್ಮನೆ ಕೂರುವುದಿಲ್ಲ.

ಅಂತರ್ಜಾಲದ ಪುಟಗಳಿಗೆ ಜೀವ ತುಂಬುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಗೆ ಈ ಎರಡನೆಯ ಬಗೆಯೇ ಉಸಿರು. ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಎಂಬಾತ ೧೯೯೫ರಲ್ಲಿ ಅದರ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ರಚಿಸಿದನೆಂಬುದು ಆ ವಲಯದಲ್ಲಿ ಪ್ರಸಿದ್ಧವಾದ ಮಾತು. ಪುಟವೊಂದರಲ್ಲಿ ಈ ಭಾಷೆಯ ಕೆಲಸಗಳನ್ನೆಲ್ಲ ನೋಡಿಕೊಳ್ಳುವವನು ಒಬ್ಬನೇ ಅಡುಗೆಯವನೆಂದು ತಿಳಿಯಬಹುದು. ಅವನು ಅಕ್ಕಿ ಬೇಯುವ ತನಕ ಒಲೆಯ ಮುಂದೆ ನಿಂತುಬಿಟ್ಟರೆ ಪಲ್ಯ ಹೆಚ್ಚುವವರಿಲ್ಲ. ಆದುದರಿಂದ ಅವನು ಪ್ರತಿಯೊಂದಕ್ಕೂ ಒಬ್ಬೊಬ್ಬ ಹುಡುಗನನ್ನು ನೇಮಿಸಿ, ‘ಹೀಗಾದಾಗ ಹೀಗೆ ಮಾಡು’ ಎಂದು ಹೇಳಿಟ್ಟು ಮುಂದೆ ಹೋಗುತ್ತಾನೆ. ‘ಹೀಗಾದಾಗ’ ಎಂಬುದು ಇವೆಂಟ್, ಅಂದರೆ ಘಟನೆ. ‘ಹೀಗೆ ಮಾಡು’ ಎಂಬ ಅಪ್ಪಣೆಯನ್ನು ಹೊತ್ತು ಕಾದಿರುವವನು ಹ್ಯಾಂಡ್ಲರ್. ಕನ್ನಡದಲ್ಲಿ ನಿರ್ವಾಹಕ ಎನ್ನೋಣ.

ಘಟನೆಗಳಲ್ಲಿಯೂ ಎರಡು ಬಗೆ. ಪುತ್ತರಿಯ ಮುಹೂರ್ತಗಳನ್ನು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಾಲಯದಲ್ಲಿ ಮೊದಲೇ ನಿಶ್ಚಯಿಸುತ್ತಾರೆ. ನೆರೆ ಕಟ್ಟುವುದು ಯಾವಾಗ, ಕದಿರು ತೆಗೆಯುವುದು ಯಾವಾಗ, ಊಟ ಯಾವಾಗ ಎಂಬುದೆಲ್ಲ ನಾಡಿಗೆ ಮುಂಚೆಯೇ ತಿಳಿದಿರುತ್ತದೆ. ಇದು ಗಡಿಯಾರಕ್ಕೆ ಕಟ್ಟಿದ ಘಟನೆ. ಹುಟ್ಟು ಸಾವುಗಳ ಗುಂಡು ಹಾಗಲ್ಲ. ಅದು ಎಂದು ಹಾರೀತೆಂದು ಬಲ್ಲವರಿಲ್ಲ. ಪ್ರೋಗ್ರಾಮ್ ಬರೆಯುವವನಿಗೆ ಹೆಚ್ಚು ಕಷ್ಟ ಕೊಡುವುದು ಈ ಎರಡನೆಯದು. ಅಪ್ಪಣೆ ಕೊಡುವ ಹೊತ್ತಿಗೂ ಅದು ನೆರವೇರುವ ಹೊತ್ತಿಗೂ ನಡುವೆ ಏನೆಲ್ಲ ಬದಲಾಗಿರಬಹುದೆಂಬುದನ್ನು ಅವನು ಮುಂಗಾಣಲಾರ.

ನಾಲ್ಕು ದಿಕ್ಕಿಗೆ ಹೋದ ಕಪಿಸೇನೆ

ಇದನ್ನು ಹೊಸ ಕಾಲದ ಸಮಸ್ಯೆಯೆಂದು ಭಾವಿಸಬೇಕಾಗಿಲ್ಲ. ರಾಮಾಯಣದ ಕಿಷ್ಕಿಂಧಾ ಕಾಂಡವನ್ನು ನೆನಪಿಗೆ ತಂದುಕೊಳ್ಳಿರಿ. ಸೀತೆಯನ್ನು ಹುಡುಕಲು ಸುಗ್ರೀವನು ನಾಲ್ಕು ದಿಕ್ಕುಗಳಿಗೂ ಸೇನೆಯನ್ನು ಅಟ್ಟಿದನು: ಮೂಡಲಿಗೆ ವಿನತ, ಪಡುವಲಿಗೆ ಸುಷೇಣ, ಬಡಗಲಿಗೆ ಶತಬಲಿ, ತೆಂಕಲಿಗೆ ಅಂಗದನ ಮುಂದಾಳುತನದಲ್ಲಿ ಹನುಮಂತನೇ ಮೊದಲಾದವರು. ಒಂದು ತಿಂಗಳ ಗಡುವನ್ನೂ ವಿಧಿಸಿದನು. ನಾಲ್ಕು ಕೆಲಸಗಳು ಒಮ್ಮೆಗೇ ಹೊರಟವು. ಯಾವುದು ಫಲಿಸುವುದೋ, ಎಂದು ಫಲಿಸುವುದೋ ಕಳುಹಿಸಿದವನಿಗೆ ತಿಳಿಯದು. ಅಸಮಕಾಲಿಕ ಕಾರ್ಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಈಗ ರಾಮನು ಮಾಡಿದ ಕೆಲಸವನ್ನು ನೋಡಿರಿ. ಹನುಮಂತನು ಹೊರಡುವ ಮುನ್ನವೇ ಅವನ ಕೈಯಲ್ಲಿ ತನ್ನ ಹೆಸರು ಕೆತ್ತಿದ ಉಂಗುರವನ್ನು ಇಟ್ಟನು. ಏತಕ್ಕೆ? ಸೀತೆ ಕಣ್ಣಿಗೆ ಬೀಳುವ ಗಳಿಗೆಯಲ್ಲಿ ರಾಮನು ಅಲ್ಲಿರುವುದಿಲ್ಲ. ಆಗ ಅವನನ್ನು ಕೇಳಿ ಬರಲು ಸಾಧ್ಯವಿಲ್ಲ. ನೂರು ಯೋಜನದಾಚೆ, ರಕ್ಕಸಿಯರ ಕಾವಲಿನ ನಡುವೆ, ಕಪಿಯೊಂದು ಬಂದು ‘ನಾನು ರಾಮದೂತ’ನೆಂದರೆ ಆಕೆ ನಂಬುವುದೆಂತು? ಘಟನೆ ಸಂಭವಿಸುವಾಗ ಬೇಕಾಗುವ ವಸ್ತುವನ್ನು, ಸಂಭವಿಸುವುದಕ್ಕೆ ಬಹಳ ಮುಂಚೆಯೇ, ನಿರ್ವಾಹಕನ ಜೊತೆಗೆ ಕಟ್ಟಿ ಕಳುಹಿಸಿದನು.

ಆ ವಸ್ತು ಕಳೆದುಹೋದರೆ ಏನಾಗುವುದೆಂಬುದನ್ನು ಕಾಳಿದಾಸನು ತನ್ನ ಶಾಕುಂತಲದಲ್ಲಿ ತೋರಿಸಿದ್ದಾನೆ. ಉಂಗುರ ಶಚೀತೀರ್ಥದ ನೀರಿನಲ್ಲಿ ಜಾರಿಬಿದ್ದಿತು. ಶಕುಂತಲೆ ದುಷ್ಯಂತನ ಆಸ್ಥಾನಕ್ಕೆ ಬಂದು ನಿಂತಳು. ಅವಳು ಬಂದುದು ನಿಜ, ದೊರೆ ಅವಳನ್ನು ನೋಡಿದುದೂ ನಿಜ. ಆದರೆ ಆಕೆ ಯಾರೆಂಬ ಗುರುತು ಮಾತ್ರ ಅವನ ಬಳಿ ಉಳಿದಿರಲಿಲ್ಲ. ದೂರ್ವಾಸನ ಶಾಪವನ್ನು ಒತ್ತಟ್ಟಿಗಿಟ್ಟು ನೋಡಿದರೆ, ದಿನಬೆಳಗಾದರೆ ಕಂಪ್ಯೂಟರ್ ಪರದೆಗಳ ಮೇಲೆ ಮರುಕಳಿಸುವ ಪ್ರಸಂಗವೇ ಇದು.

ಹಲಗೆಯ ಮೇಲೆ ಬರೆದ ಹೆಸರು

ಉದಾಹರಣೆಗಾಗಿ ಒಂದು ಪ್ರೋಗ್ರಾಮನ್ನು ಕಲ್ಪಿಸಿಕೊಳ್ಳೋಣ. ಭಾಗಮಂಡಲ, ನಾಪೋಕ್ಲು, ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ—ಈ ಐದು ಕಡೆಗಳಲ್ಲಿ ಮಳೆಮಾಪಕಗಳಿವೆ ಎಂದಿಟ್ಟುಕೊಳ್ಳಿ. ಎಲ್ಲಿಯಾದರೂ ಮಳೆ ಅಪಾಯದ ಮಟ್ಟ ಮೀರಿದರೆ ಆ ಊರಿನ ಹೆಸರನ್ನು ಹೇಳಿ ಎಚ್ಚರಿಕೆ ಕೊಡಬೇಕು. ಬರೆಯುವವನು ಐದು ಊರುಗಳ ಪಟ್ಟಿಯನ್ನು ಹಿಡಿದು ಒಂದೊಂದನ್ನೇ ಕರೆಯುತ್ತಾನೆ. ಊರಿನ ಹೆಸರನ್ನು ಒಂದು ಹಲಗೆಯ ಮೇಲೆ ಬರೆಯುತ್ತಾನೆ. ಅಲ್ಲಿನ ಮಾಪಕಕ್ಕೆ ಒಬ್ಬ ನಿರ್ವಾಹಕನನ್ನು ನೇಮಿಸಿ, ‘ಮಟ್ಟ ಮೀರಿದಾಗ ಹಲಗೆಯ ಮೇಲಿರುವ ಹೆಸರನ್ನು ಕೂಗು’ ಎಂದು ಹೇಳುತ್ತಾನೆ. ಹಲಗೆಯನ್ನು ಒರಸಿ ಮುಂದಿನ ಊರಿನ ಹೆಸರನ್ನು ಬರೆಯುತ್ತಾನೆ. ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿಯೇ ಇದೆ.

ಆದರೆ ಈ ಐದು ಸುತ್ತುಗಳು ಕಣ್ಣೆವೆ ಬಡಿಯುವಷ್ಟರಲ್ಲಿ ಮುಗಿದುಹೋಗುತ್ತವೆ. ಮಳೆ ಬರುವುದು ಎಷ್ಟೋ ಹೊತ್ತಿನ ಮೇಲೆ. ನಡುರಾತ್ರಿಯಲ್ಲಿ ಭಾಗಮಂಡಲದ ಮಾಪಕ ಮಟ್ಟ ಮೀರುತ್ತದೆ. ಅಲ್ಲಿನ ನಿರ್ವಾಹಕ ತಪ್ಪದೆ ಎದ್ದು ಹಲಗೆಯನ್ನು ನೋಡುತ್ತಾನೆ. ಅದರ ಮೇಲೆ ಉಳಿದಿರುವುದು ಕಟ್ಟಕಡೆಗೆ ಬರೆದ ಹೆಸರು: ವಿರಾಜಪೇಟೆ. ಅವನು ಅದನ್ನೇ ಕೂಗುತ್ತಾನೆ. ನಾಪೋಕ್ಲಿನವನೂ ಅದನ್ನೇ ಕೂಗುತ್ತಾನೆ, ಮಡಿಕೇರಿಯವನೂ ಅದನ್ನೇ. ಐವರೂ ಆಜ್ಞಾಧಾರಕರು, ಐವರೂ ಎಚ್ಚರವಾಗಿದ್ದವರು, ಮಾಪಕವೂ ಸುಳ್ಳು ಹೇಳಲಿಲ್ಲ. ಆದರೂ ಎಚ್ಚರಿಕೆ ಹೋಗಬೇಕಾದ ಊರಿಗೆ ಹೋಗಲಿಲ್ಲ.

ಇದು ಜಾವಾಸ್ಕ್ರಿಪ್ಟಿನಲ್ಲಿ ‘ವಾರ್’ ಎಂಬ ಹಳೆಯ ಪದವನ್ನು ಬಳಸಿ ಸುತ್ತುಗಳನ್ನು ಬರೆದವರನ್ನು ವರ್ಷಾನುಗಟ್ಟಲೆ ಕಾಡಿದ ದೋಷ. ‘ವಾರ್’ ಎಂದರೆ ಎಲ್ಲ ಸುತ್ತುಗಳಿಗೂ ಸೇರಿ ಒಂದೇ ಹಲಗೆ. ೨೦೧೫ರಲ್ಲಿ ಆ ಭಾಷೆಗೆ ‘ಲೆಟ್’ ಎಂಬ ಹೊಸ ಪದ ಸೇರಿತು. ಅದನ್ನು ಬಳಸಿದರೆ ಸುತ್ತು ಸುತ್ತಿಗೂ ಹೊಸ ಹಲಗೆ ದೊರೆಯುತ್ತದೆ; ಭಾಗಮಂಡಲದವನ ಕೈಯಲ್ಲಿ ಭಾಗಮಂಡಲದ ಹಲಗೆ, ನಾಪೋಕ್ಲಿನವನ ಕೈಯಲ್ಲಿ ನಾಪೋಕ್ಲಿನ ಹಲಗೆ. ಮೂರಕ್ಷರದ ಒಂದು ಪದವನ್ನು ಬದಲಿಸಿದರೆ ಐದು ಊರುಗಳಿಗೆ ಅವವುಗಳ ಹೆಸರು ಮರಳಿ ಬರುತ್ತದೆ.

ಬುತ್ತಿಯ ಗಂಟು

ನಿರ್ವಾಹಕನನ್ನು ನೇಮಿಸುವಾಗಲೇ ಅವನಿಗೆ ಬೇಕಾದುದನ್ನು ಕಟ್ಟಿಕೊಡುವ ಉಪಾಯಕ್ಕೆ ಕ್ಲೋಷರ್ ಎಂದು ಹೆಸರು. ಈ ಹೆಸರನ್ನು ಇಂಗ್ಲೆಂಡಿನ ಪೀಟರ್ ಲ್ಯಾಂಡಿನ್ ಎಂಬ ವಿದ್ವಾಂಸನು ೧೯೬೪ರಲ್ಲಿಯೇ ಬಳಕೆಗೆ ತಂದನು. ಹೊಲಕ್ಕೆ ಹೊರಟವನ ಹೆಗಲಿಗೆ ಮನೆಯವರು ಬುತ್ತಿಯ ಗಂಟನ್ನು ಏರಿಸುತ್ತಾರಲ್ಲವೇ? ಹಸಿವಾಗುವುದು ಮಧ್ಯಾಹ್ನ, ಕಟ್ಟಿದ್ದು ಬೆಳಿಗ್ಗೆ. ಹಾಗೆಯೇ ಕ್ಲೋಷರ್ ಎಂದರೆ, ಒಂದು ಕೆಲಸ ಮತ್ತು ಆ ಕೆಲಸ ಹುಟ್ಟಿದ ಮನೆಯಿಂದ ಅದು ಹೊತ್ತು ತಂದ ಗಂಟು, ಎರಡೂ ಸೇರಿದ್ದು.

ಆದರೆ ಹಿಂದಿನ ಉದಾಹರಣೆಯನ್ನು ಜಾಗರೂಕತೆಯಿಂದ ಓದಿದವರು ಒಂದು ಪ್ರಶ್ನೆಯನ್ನು ಕೇಳಬಹುದು: ‘ಆ ಐವರ ಬಳಿಯೂ ಗಂಟು ಇತ್ತಲ್ಲ, ಮತ್ತೇಕೆ ತಪ್ಪಾಯಿತು?’ ಗಂಟು ಇತ್ತು, ನಿಜ. ಅದರೊಳಗೆ ಇದ್ದುದು ಹಲಗೆಯ ಮೇಲೆ ಬರೆದಿದ್ದ ಹೆಸರಲ್ಲ, ಆ ಹಲಗೆ ಎಲ್ಲಿದೆ ಎಂಬ ವಿಳಾಸ. ಐವರ ಗಂಟಿನಲ್ಲಿಯೂ ಒಂದೇ ಹಲಗೆಯ ವಿಳಾಸವಿದ್ದುದರಿಂದ ಐವರೂ ಒಂದನ್ನೇ ಓದಿದರು. ಅನ್ನವನ್ನು ಕಟ್ಟಿಕೊಡುವುದಕ್ಕೂ ‘ಅನ್ನ ಅಡುಗೆಮನೆಯಲ್ಲಿದೆ’ ಎಂಬ ಚೀಟಿಯನ್ನು ಕಟ್ಟಿಕೊಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯದು.

ಹಳೆಯ ಸಿ ಭಾಷೆಯಲ್ಲಿ ಬರೆಯುವವರಿಗೆ ಇಂಥ ಗಂಟನ್ನು ಭಾಷೆಯೇ ಕಟ್ಟಿಕೊಡುವುದಿಲ್ಲ. ಅವರು ಕೈಯಾರೆ ಕಟ್ಟಬೇಕು. ಅದಕ್ಕಾಗಿ ಅಲ್ಲಿ ಒಂದು ಸಂಪ್ರದಾಯ ಬೆಳೆದಿದೆ. ನಿರ್ವಾಹಕನನ್ನು ನೋಂದಾಯಿಸುವಾಗ ಅವನ ಜೊತೆಗೆ ಮುಚ್ಚಿದ ಲಕೋಟೆಯೊಂದರ ವಿಳಾಸವನ್ನೂ ಒಪ್ಪಿಸುತ್ತಾರೆ. ಒಪ್ಪಿಸಿಕೊಂಡ ವ್ಯವಸ್ಥೆ ಆ ಲಕೋಟೆಯನ್ನು ಒಡೆಯುವುದಿಲ್ಲ, ಒಳಗೇನಿದೆಯೆಂದು ಕೇಳುವುದೂ ಇಲ್ಲ. ಘಟನೆ ನಡೆದಾಗ ಹಾಗೆಯೇ ನಿರ್ವಾಹಕನ ಕೈಗೆ ಮರಳಿಸುತ್ತದೆ. ಒಡೆದು ನೋಡದೆ ತಲುಪಿಸುವ ಅಂಚೆಯವನ ಧರ್ಮವೇ ಇದು.

೨೦೧೭ರ ಹೊತ್ತಿಗೆ ಜಾವಾಸ್ಕ್ರಿಪ್ಟಿಗೆ ‘ಅಸಿಂಕ್’, ‘ಅವೇಟ್’ ಎಂಬ ಎರಡು ಪದಗಳು ಸೇರಿದವು. ಇವನ್ನು ಬಳಸಿದಾಗ ಕೆಲಸ ಮಾಡುತ್ತಿದ್ದವನು ಬೇರೊಬ್ಬನಿಗೆ ಗಂಟು ಹೊರಿಸಬೇಕಾಗಿಲ್ಲ. ತಾನೇ ಅರ್ಧ ಹಾದಿಯಲ್ಲಿ, ಗಂಟನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ಉತ್ತರ ಬಂದಾಗ ಎದ್ದು ಅದೇ ಗಂಟಿನೊಡನೆ ಮುಂದೆ ನಡೆಯುತ್ತಾನೆ. ಓದುವವರಿಗೆ ಕಥೆ ಎಲ್ಲಿಯೂ ಕಡಿದಂತೆ ಕಾಣುವುದಿಲ್ಲ.

ಸದ್ದಿನೊಡನೆಯೇ ಸುದ್ದಿ

ಇನ್ನೊಂದು ಮಾರ್ಗವೂ ಉಂಟು. ಗಂಟನ್ನು ನಿರ್ವಾಹಕನ ಹೆಗಲಿಗೆ ಏರಿಸುವುದರ ಬದಲು ಘಟನೆಯ ಮೇಲೆಯೇ ಏರಿಸಬಹುದು. ಗುಂಡಿನ ಸದ್ದೇ ಮನೆಯ ಹೆಸರನ್ನೂ ಹೊತ್ತು ತರುವಂತಿದ್ದರೆ ಹೇಗಿರುತ್ತಿತ್ತು! ಕೋವಿಗೆ ಆ ಶಕ್ತಿಯಿಲ್ಲ. ಕಂಪ್ಯೂಟರಿನ ಘಟನೆಗೆ ಅದನ್ನು ಕೊಡಬಹುದು. ಜಾವಾಸ್ಕ್ರಿಪ್ಟಿನಲ್ಲಿ ಕಸ್ಟಮ್ ಇವೆಂಟ್ ಎಂಬ ವಿಶೇಷ ಘಟನೆಯನ್ನು ಸೃಷ್ಟಿಸಿ, ಅದರ ‘ಡೀಟೇಲ್’ ಎಂಬ ಜೇಬಿನಲ್ಲಿ ಬೇಕಾದ ವಿವರಗಳನ್ನು ತುಂಬಿ ಕಳುಹಿಸುವ ಏರ್ಪಾಡಿದೆ. ಕೇಳಿದವರೆಲ್ಲರೂ ಜೇಬಿಗೆ ಕೈಹಾಕಿ ಊರಿನ ಹೆಸರು, ಮಳೆಯ ಪ್ರಮಾಣ, ಹೊತ್ತು ಎಲ್ಲವನ್ನೂ ತಿಳಿಯಬಹುದು.

ದರ್ಜಿಯನ್ನು ಇನ್ನೊಮ್ಮೆ ನೆನೆಯೋಣ. ಅವನು ಅಳತೆಯ ಚೀಟಿಯನ್ನು ಬಟ್ಟೆಗೇ ಗುಂಡುಸೂಜಿಯಿಂದ ಚುಚ್ಚಿಡುತ್ತಾನೆ. ಹೊಲಿಯುವ ಹುಡುಗ ಯಾರೇ ಆಗಿರಲಿ, ಬಟ್ಟೆಯನ್ನು ಕೈಗೆತ್ತಿಕೊಂಡರೆ ಅಳತೆಯೂ ಸಿಕ್ಕುತ್ತದೆ. ಅಂತರ್ಜಾಲ ಪುಟದ ಗುಂಡಿಗಳ ಮೇಲೆ ಹೀಗೆಯೇ ಚೀಟಿ ಚುಚ್ಚಿಡುವ ಪದ್ಧತಿಯಿದೆ. ನೂರು ಗುಂಡಿಗಳಿಗೆ ನೂರು ನಿರ್ವಾಹಕರನ್ನು ನೇಮಿಸುವುದರ ಬದಲು ಒಬ್ಬನನ್ನೇ ನಿಲ್ಲಿಸಿ, ‘ಯಾರು ಒತ್ತಿದರೋ ಆ ಗುಂಡಿಯ ಚೀಟಿಯನ್ನು ಓದಿಕೋ’ ಎಂದು ಹೇಳಿದರೆ ಸಾಕಾಗುತ್ತದೆ.

ಹಾಗಾದರೆ ಯಾವುದನ್ನು ನಿರ್ವಾಹಕನ ಗಂಟಿನಲ್ಲಿ ಕಟ್ಟಬೇಕು, ಯಾವುದನ್ನು ಘಟನೆಯ ಜೇಬಿನಲ್ಲಿಡಬೇಕು? ಬಲ್ಲವರು ಅನುಸರಿಸುವ ವಿವೇಕ ಸರಳವಾದುದು. ‘ನೀನು ಯಾರ ಪರವಾಗಿ, ಯಾತಕ್ಕಾಗಿ ಕಾದಿರುವೆ’ ಎಂಬುದು ನೇಮಿಸುವಾಗಲೇ ಗೊತ್ತಿರುವ ಸಂಗತಿ. ಅದು ಗಂಟಿಗೆ ಸೇರತಕ್ಕದ್ದು. ‘ಏನಾಯಿತು, ಎಲ್ಲಿ, ಎಷ್ಟು’ ಎಂಬುದು ನಡೆದಾಗ ಮಾತ್ರ ಗೊತ್ತಾಗುವ ಸಂಗತಿ. ಅದು ಘಟನೆಯ ಜೊತೆಗೇ ಬರತಕ್ಕದ್ದು. ರಾಮನು ಉಂಗುರವನ್ನು ಮೊದಲೇ ಕೊಟ್ಟನು. ಸೀತೆಯ ಚೂಡಾಮಣಿಯಾದರೋ ಆಕೆ ಸಿಕ್ಕ ಮೇಲೆಯೇ ಬಂದಿತು.

ಗುಡ್ಡ ಜಾರಿದ ವರ್ಷಗಳು

ಇದೆಲ್ಲ ಬರಿಯ ಬುದ್ಧಿಯ ಆಟವೆಂದು ಯಾರಾದರೂ ಭಾವಿಸಿದರೆ, ಅವರು ೨೦೧೮ರ ಆಗಸ್ಟ್ ತಿಂಗಳನ್ನು ನೆನೆಯಬೇಕು. ಆ ತಿಂಗಳ ನಡುಭಾಗದಲ್ಲಿ ಬಿಡದೆ ಸುರಿದ ಮಳೆಗೆ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಮೊದಲಾದ ಕಡೆಗಳಲ್ಲಿ ಗುಡ್ಡಗಳೇ ಕರಗಿ ಕೆಳಗಿಳಿದವು. ತೋಟ, ಗದ್ದೆ, ಮನೆ, ರಸ್ತೆ ಎಂಬ ಭೇದವಿಲ್ಲದೆ ಕೆಂಪು ಮಣ್ಣು ಎಲ್ಲವನ್ನೂ ಮುಚ್ಚಿತು. ೨೦೧೯ರ ಆಗಸ್ಟಿನಲ್ಲಿ ವಿರಾಜಪೇಟೆಯ ಕಡೆ ತೋರ ಗ್ರಾಮದಲ್ಲಿ ಬೆಟ್ಟ ಜಾರಿತು. ೨೦೨೦ರ ಆಗಸ್ಟ್ ೬ರ ಮುಂಜಾವದಲ್ಲಿ ತಲಕಾವೇರಿಯ ಬಳಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಕೊಚ್ಚಿಹೋಯಿತು. ಮೂರು ವರ್ಷ, ಮೂರು ಮಳೆಗಾಲ, ಒಂದೇ ತಿಂಗಳು.

ಇಂಥ ನಾಡಿನಲ್ಲಿ ಎಚ್ಚರಿಕೆಯ ಮಾತಿಗೆ ಎಷ್ಟು ಬೆಲೆಯೆಂಬುದನ್ನು ಹೇಳಬೇಕಾಗಿಲ್ಲ. ಕೊಡಗಿನ ನೆಲದಲ್ಲಿ ಒಂದು ಗುಡ್ಡದ ಈ ಬದಿಗೆ ಸುರಿದ ಮಳೆ ಆ ಬದಿಗೆ ಸುರಿಯದಿರಬಹುದು. ಒಂದು ಇಳಿಜಾರು ನೀರು ಕುಡಿದು ಸಡಿಲವಾಗಿರುವಾಗ ಪಕ್ಕದ್ದು ಗಟ್ಟಿಯಾಗಿಯೇ ನಿಂತಿರಬಹುದು. ‘ಕೊಡಗಿನಲ್ಲಿ ಅಪಾಯ’ ಎಂಬುದು ಗುಂಡಿನ ಸದ್ದಿನಷ್ಟೇ ಸತ್ಯ, ಅಷ್ಟೇ ಅಪೂರ್ಣ. ಯಾವ ಊರು, ಯಾವ ಇಳಿಜಾರು, ಎಷ್ಟು ಹೊತ್ತಿನೊಳಗೆ, ಯಾವ ಕಡೆಗೆ ಹೊರಡಬೇಕು ಎಂಬುದು ಜೊತೆಗೆ ಬರದಿದ್ದರೆ, ಮನೆಯವರು ಬಾಗಿಲಲ್ಲಿ ನಿಂತು ಒಬ್ಬರ ಮುಖವನ್ನೊಬ್ಬರು ನೋಡಬೇಕಾಗುತ್ತದೆ. ಮನೆಯಲ್ಲಿ ವೃದ್ಧರಿದ್ದರೆ, ಹಟ್ಟಿಯಲ್ಲಿ ದನಗಳಿದ್ದರೆ, ಹೊರಗೆ ಕತ್ತಲೆಯೂ ಮಳೆಯೂ ಇದ್ದರೆ, ಅರೆಬರೆ ಸುದ್ದಿಯನ್ನು ನಂಬಿ ಹೊರಡುವುದು ಸುಲಭವಲ್ಲ. ಎರಡು ಮೂರು ಸಲ ತಮಗೆ ಸಂಬಂಧಿಸದ ಎಚ್ಚರಿಕೆ ಬಂದರೆ ನಾಲ್ಕನೆಯ ಸಲ ಜನ ಕಿವಿಗೊಡುವುದೂ ಇಲ್ಲ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ನೆಟ್ಟು, ಅವು ತಾವಾಗಿಯೇ ದೂರದಿಂದ ವರದಿ ಕಳುಹಿಸುವಂತೆ ಏರ್ಪಡಿಸಿದೆ. ಪ್ರತಿಯೊಂದು ಮಾಪಕವೂ ಮಳೆಯ ಅಳತೆಯ ಜೊತೆಗೆ ತಾನಾರೆಂಬುದನ್ನೂ ಹೇಳಬೇಕು. ಇಲ್ಲವಾದರೆ ಆ ಅಂಕಿಗೆ ಅರ್ಥವಿಲ್ಲ. ೨೦೨೩ರ ಅಕ್ಟೋಬರ್ ೧೨ರಂದು ಕರ್ನಾಟಕದಲ್ಲಿ ಮೊಬೈಲುಗಳು ಒಮ್ಮೆಗೇ ವಿಚಿತ್ರವಾಗಿ ಕೂಗಿಕೊಂಡುದು ಅನೇಕ ವಾಚಕರಿಗೆ ನೆನಪಿರಬಹುದು. ಅದು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆ ನಡೆಸಿದ ಎಚ್ಚರಿಕೆಯ ಪರೀಕ್ಷೆ. ಆ ವಿಧಾನದಲ್ಲಿ ಒಂದೊಂದು ಮೊಬೈಲಿನ ಸಂಖ್ಯೆಯನ್ನೂ ಹುಡುಕಿ ಕಳುಹಿಸುವುದಿಲ್ಲ; ಗೋಪುರದ ವ್ಯಾಪ್ತಿಯಲ್ಲಿ ಇರುವ ಎಲ್ಲ ಮೊಬೈಲುಗಳೂ ಏಕಕಾಲಕ್ಕೆ ಕೇಳುತ್ತವೆ. ಕಣಿವೆಯಲ್ಲಿ ಮೊಳಗಿದ ಗುಂಡಿನಂತೆಯೇ. ಆದರೆ ಇದು ಸದ್ದಿನ ಜೊತೆಗೆ ಸುದ್ದಿಯನ್ನೂ ಹೊತ್ತು ಬರುವ ಗುಂಡು.

ಈ ಸುದ್ದಿಯನ್ನು ಯಾವ ಕ್ರಮದಲ್ಲಿ ಕಟ್ಟಬೇಕೆಂಬುದಕ್ಕೂ ಒಂದು ಅಂತರರಾಷ್ಟ್ರೀಯ ನಿಯಮಾವಳಿಯಿದೆ. ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್ ಎಂದು ಅದರ ಹೆಸರು. ೨೦೦೪ರಲ್ಲಿ ಮೊದಲ ಆವೃತ್ತಿ, ೨೦೧೦ರಲ್ಲಿ ಈಗ ಬಳಕೆಯಲ್ಲಿರುವ ೧.೨ನೆಯ ಆವೃತ್ತಿ ಹೊರಬಂದವು. ನಮ್ಮ ದೇಶದ ‘ಸಚೇತ್’ ಎಂಬ ಎಚ್ಚರಿಕೆಯ ವ್ಯವಸ್ಥೆ ಇದನ್ನೇ ಅನುಸರಿಸುತ್ತದೆ. ಘಟನೆ ಯಾವುದು, ಎಷ್ಟು ತುರ್ತು, ಎಷ್ಟು ತೀವ್ರ, ಎಷ್ಟು ಖಚಿತ, ಯಾವ ಪ್ರದೇಶಕ್ಕೆ ಸಂಬಂಧಿಸಿದ್ದು, ಜನ ಏನು ಮಾಡಬೇಕು ಎಂಬುದಕ್ಕೆಲ್ಲ ಅಲ್ಲಿ ಬೇರೆಬೇರೆ ಮನೆಗಳಿವೆ. ಒಂದೇ ಎಚ್ಚರಿಕೆಯನ್ನು ಹಲವು ಭಾಷೆಗಳಲ್ಲಿ ಹೇಳಲೂ ಅವಕಾಶವುಂಟು. ಇಷ್ಟೆಲ್ಲ ಯೋಚಿಸಿದವರು ಕೊನೆಗೆ ‘ಪ್ಯಾರಾಮೀಟರ್’ ಎಂಬ ಒಂದು ಖಾಲಿ ಮನೆಯನ್ನೂ ಬಿಟ್ಟಿದ್ದಾರೆ. ನಾವು ಮುಂಗಾಣದ ಯಾವುದಾದರೂ ವಿವರ ನಿಮ್ಮ ಊರಿಗೆ ಬೇಕಾದರೆ, ಹೆಸರು ಕೊಟ್ಟು ಇಲ್ಲಿ ಸೇರಿಸಿಕೊಳ್ಳಿ ಎಂಬುದು ಅದರ ಅಭಿಪ್ರಾಯ. ಜಗತ್ತಿಗೆಲ್ಲ ನಿಯಮ ಬರೆಯುವವರು ತಮಗೆ ತಿಳಿಯದ ಕಣಿವೆಗಾಗಿ ಒಂದು ಜೇಬನ್ನು ಖಾಲಿ ಬಿಡುವುದು ಮೆಚ್ಚತಕ್ಕ ವಿನಯವೇ ಸರಿ.

ಹಳಸಿದ ಬುತ್ತಿ, ಮರೆತ ಕಾವಲುಗಾರ

ಗಂಟು ಕಟ್ಟುವುದನ್ನು ಕಲಿತವರು ಇನ್ನೆರಡು ಎಚ್ಚರಗಳನ್ನೂ ಕಲಿಯಬೇಕಾಗುತ್ತದೆ. ಮೊದಲನೆಯದು, ಬುತ್ತಿ ಹಳಸುತ್ತದೆ. ನಿರ್ವಾಹಕನನ್ನು ನೇಮಿಸಿದ ದಿನ ಸೇತುವೆ ಗಟ್ಟಿಯಾಗಿತ್ತು. ‘ಅಪಾಯ ಬಂದರೆ ಸೇತುವೆಯ ಮೇಲೆ ಹೋಗಿರಿ’ ಎಂದು ಅವನ ಗಂಟಿನಲ್ಲಿ ಕಟ್ಟಲಾಯಿತು. ಘಟನೆ ನಡೆದ ದಿನ ಸೇತುವೆಯೇ ಇರದಿದ್ದರೆ? ಬದಲಾಗದ ಸಂಗತಿಯನ್ನು ಕಟ್ಟಿಕೊಡಬೇಕು. ಬದಲಾಗುವುದನ್ನು ಆ ಗಳಿಗೆಯಲ್ಲಿ ಹೊಸದಾಗಿ ವಿಚಾರಿಸಿ ತಿಳಿಯುವಂತೆ ಹೇಳಬೇಕು. ಹಲಗೆಯ ವಿಳಾಸವನ್ನು ಕೊಡುವುದು ಹೆಸರಿನ ವಿಷಯದಲ್ಲಿ ದೋಷವಾಯಿತು. ದಾರಿಯ ವಿಷಯದಲ್ಲಿ ಅದೇ ಗುಣವಾಗುತ್ತದೆ.

ಎರಡನೆಯದು, ನೇಮಿಸಿದವನನ್ನು ಬಿಡುಗಡೆ ಮಾಡುವುದು. ಕೆಲಸ ಮುಗಿದ ಮೇಲೂ ನಿರ್ವಾಹಕನು ಕಾದೇ ಇದ್ದರೆ ಅವನೂ ಅವನ ಗಂಟೂ ಕಂಪ್ಯೂಟರಿನ ನೆನಪಿನಲ್ಲಿ ಜಾಗ ಹಿಡಿದುಕೊಂಡಿರುತ್ತಾರೆ. ಇಂಥವರು ನೂರಾದರೆ, ಸಾವಿರವಾದರೆ, ಯಂತ್ರ ನಿಧಾನವಾಗಿ ಉಸಿರು ಕಟ್ಟುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಒಬ್ಬನನ್ನು ಬಿಡುಗಡೆ ಮಾಡಬೇಕಾದರೆ ನೇಮಿಸಿದ್ದ ಆ ವ್ಯಕ್ತಿಯನ್ನೇ ತೋರಿಸಬೇಕು. ಅವನಂತೆಯೇ ಕಾಣುವ ಇನ್ನೊಬ್ಬನನ್ನು ತೋರಿಸಿದರೆ ನಡೆಯದು. ನೇಮಿಸಿದಾಗ ಅವನ ಹೆಸರನ್ನು ಬರೆದಿಟ್ಟುಕೊಳ್ಳದವರು ಆಮೇಲೆ ಪೇಚಾಡುತ್ತಾರೆ.

ಮಡಿಕೇರಿಯ ಕಡೆಯ ಹಳ್ಳಿಗಳಲ್ಲಿ ಈಗ ಸಾವಿನ ಸುದ್ದಿ ಮೊಬೈಲಿನಲ್ಲಿ ಹರಡುತ್ತದೆ. ಹೆಸರು, ವಯಸ್ಸು, ಒಕ್ಕ, ಅಂತ್ಯಕ್ರಿಯೆಯ ಹೊತ್ತು ಎಲ್ಲವೂ ಒಂದೇ ಸಂದೇಶದಲ್ಲಿ ಬಂದು, ಬೆಂಗಳೂರಿನಲ್ಲಿರುವ ಮಗನಿಗೂ ದುಬಾಯಿಯಲ್ಲಿರುವ ಸೋದರಳಿಯನಿಗೂ ಒಡನೆ ತಲುಪುತ್ತದೆ. ಗುಂಡಿನ ಸದ್ದು ಕಣಿವೆಯನ್ನು ದಾಟುತ್ತಿರಲಿಲ್ಲ. ಸಂದೇಶ ಕಡಲನ್ನೇ ದಾಟುತ್ತದೆ. ಹಾಗೆಂದು ಕೋವಿ ಬೇಡವಾಯಿತೆಂದು ಹೇಳಲಾಗದು. ಗದ್ದೆಯಲ್ಲಿ ನಿಂತವನ ಕಿವಿಗೆ ಬಿದ್ದು, ಅವನ ಕೈಯ ಕೆಲಸವನ್ನು ಬಿಡಿಸಿ, ಹತ್ತಿರದ ಮನೆಯ ಕಡೆಗೆ ಅವನನ್ನು ನಡೆಸುವ ಬಲ ಆ ಎರಡು ಸದ್ದಿಗಿತ್ತು. ಸಂದೇಶವನ್ನು ಓದಿದವನು ಕೈಮುಗಿದ ಒಂದು ಚಿತ್ರವನ್ನು ಒತ್ತಿ ಸುಮ್ಮನಾಗಬಹುದು. ವಿವರ ಎಷ್ಟೇ ಪೂರ್ಣವಾಗಿದ್ದರೂ, ಕೇಳಿದಾಗ ಏನು ಮಾಡಬೇಕೆಂಬುದನ್ನು ಬಲ್ಲ ಜನ ಕಣಿವೆಯಲ್ಲಿ ಇರಬೇಕು.

ಆದುದರಿಂದ ಮುಂದೆ ಎಂದಾದರೂ ಮಗನೋ ಮಗಳೋ ಕಂಪ್ಯೂಟರಿನ ಮುಂದೆ ಹುಬ್ಬು ಗಂಟಿಕ್ಕಿ ಕುಳಿತಿದ್ದರೆ, ‘ನಿನ್ನ ಗಂಟಿನಲ್ಲಿರುವುದು ಹೆಸರೋ, ಹಲಗೆಯ ವಿಳಾಸವೋ?’ ಎಂದು ಕೇಳಿ ನೋಡಿರಿ. ಅವರು ಬೆರಗಾಗಿ ತಲೆಯೆತ್ತಬಹುದು. ಅನಂತರ ಆ ಪ್ರೋಗ್ರಾಮನ್ನು ಇನ್ನೊಮ್ಮೆ ಮೊದಲಿನಿಂದ ಓದಲೂಬಹುದು.